ಮೀನೆಣ್ಣೆ ಹಚ್ಚಿದ ಗಾಡಿ

ಕಳೆದ ವರ್ಷ ಹೋಳಿ ಮುಗಿದ ಮೇಲೆ ನಾನು ಹೊಸದೊಂದು ಮೂರು ಚಕ್ರದ ಬೈಕು ಕೊಂಡೆ. ಮುಂದಿನಿಂದ ನೋಡಿದರೆ ಸಾದಾ ಬೈಕು. ಹಿಂದೆ ಮಾತ್ರ ಎರಡು ಚಕ್ರ, ಅವುಗಳ ನಡುವೆ ಬೆನ್ನಿಗೆ ಆಸರೆಯಿರುವ ಅಗಲವಾದ ಸೀಟು. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಕಾರವಾರದ ನಮ್ಮ ಕೋಡಿಬಾಗದಲ್ಲಿ ಕೇಳದವರಿಲ್ಲ. ಮೊದಲ ದಿನ ಹೊಳೆಯ ಬದಿಯ ರಸ್ತೆಯಲ್ಲಿ ಹೋಗುವಾಗ ಬಲೆ ಕಟ್ಟುತ್ತ ಕೂತವನೊಬ್ಬ, "ಕಾಕಾ, ಬಾಡಿಗೆಗೆ ಬತ್ತ್ರ್ಯಾ?" ಎಂದು ಕೂಗಿದ. ಹಿಂದೆ ಕೂತಿದ್ದ ನನ್ನ ಹೆಂಡತಿ, "ಬಾಡ್ಗಿ ಕೊಡೂಕೆ ನಿನ್ಗೆ ಪರವಡೂದಿಲ್ಲ" ಎಂದಳು. ಅವಳು ಹಾಗೆ ನಕ್ಕು ಮಾತಾಡಿ ಬಹಳ ಕಾಲವಾಗಿತ್ತು.

ಗಾಡಿ ಬೇಕಾಗಿದ್ದು ಅವಳ ಬಲಗಾಲಿಗೆ. ಅವಳು ಬೈತಖೋಲದ ಬಂದರಿನಲ್ಲಿ ಹರಾಜಿನ ಮೀನು ಕೊಂಡು ಊರಲ್ಲಿ ಮಾರಿ ಮನೆ ನಡೆಸಿದವಳು. ಕೆಲವು ವರ್ಷಗಳ ಹಿಂದೆ ಹರಾಜಿನ ಕಟ್ಟೆಯ ಮೇಲೆ ಜಾರಿ ಬಿದ್ದಳು. ಎಲುಬಿಗೆ ಸಲಾಕೆ ಹಾಕಿದರು. ಮೊಣಕಾಲು ಆಮೇಲೆ ಮಡಚಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾಗದು, ರಿಕ್ಷಾದಲ್ಲಿ ಕಾಲು ಹಿಡಿಸದು, ಕಾರಿನ ಬಾಗಿಲು ಹಾಕಿದ ಕೂಡಲೇ ಅವಳಿಗೆ ವಾಂತಿ. ಈ ಗಾಡಿಗೆ ಬಲಬದಿಯಲ್ಲಿ ಉದ್ದನೆಯ ಹಲಗೆ ಹಾಕಿಸಿದೆ. ಅದರ ಮೇಲೆ ಕಾಲು ಚಾಚಿ, ಗಾಳಿಗೆ ಮುಖ ಕೊಟ್ಟು ಅವಳು ಎಷ್ಟು ದೂರ ಬೇಕಾದರೂ ಹೋಗಬಹುದಿತ್ತು.

ಅವಳಿಗೆ ಹೋಗಬೇಕಾಗಿದ್ದು ಒಂದೇ ಕಡೆ. ಅಂಕೋಲೆಯ ಹತ್ತಿರ ಶೆಟಗೇರಿಯಲ್ಲಿ ಅವಳ ಅಕ್ಕನ ಮನೆ. ಇಬ್ಬರೂ ದಿನಾ ಸಂಜೆ ಫೋನಿನಲ್ಲಿ ಮಾತಾಡುತ್ತಿದ್ದರು. ಅಕ್ಕನ ಗಂಟಲು ಎಷ್ಟು ದೊಡ್ಡದೆಂದರೆ, ಸ್ಪೀಕರ್ ಹಾಕುವುದೇ ಬೇಡ, ನನಗೂ ಕೇಳುತ್ತಿತ್ತು. ಆದರೆ ಒಂದು ಮಾತನ್ನು ಅಕ್ಕ ಫೋನಿನಲ್ಲಿ ಹೇಳಲು ಒಪ್ಪಿರಲಿಲ್ಲ. ಅವರ ತಾಯಿ ತೀರಿಕೊಂಡಾಗ ನನ್ನ ಹೆಂಡತಿ ಬಾಣಂತಿ, ಕಾರವಾರದಲ್ಲಿದ್ದಳು. ತಾಯಿಯ ಬಳಿ ಇದ್ದವಳು ಅಕ್ಕ ಒಬ್ಬಳೇ. ಕೊನೆಗೆ ತಾಯಿ ನನ್ನ ಹೆಂಡತಿಯ ಬಗ್ಗೆ ಏನೋ ಹೇಳಿದ್ದಳಂತೆ. ಇಷ್ಟು ವರ್ಷ ಸುಮ್ಮನಿದ್ದ ಅಕ್ಕ ಕಳೆದ ವರ್ಷ ಒಮ್ಮೆಲೇ ಆ ವಿಷಯ ತೆಗೆದಳು.

"ನೀ ಬಾ, ಹೇಳ್ತೆ. ಫೋನಿನಾಗೆ ಹೇಳೂ ಮಾತಲ್ಲ ಅದು."

"ಈಗ್ಲೇ ಹೇಳೇ, ನಂಗೆ ನಿದ್ರಿ ಬರೂದಿಲ್ಲ."

"ಬರೂದ್ ಬೇಡ. ಎಚ್ಚರಾಗೇ ಇರು. ಇಶಾಡ ಮಾವು ಹಣ್ಣಾಗೂಕೆ ಸುರುವಾಗದೆ. ಮುಗದ ಮೇಲೆ ಬಂದ್ರೆ ಗೊರಟೆ ಚೀಪೂಕೆ ಕೊಡ್ತೆ, ನೋಡು. ನಿನ್ನ ಮಶೀನಿನ ಮನ್ಸನಿಗೂ ಹೇಳು."

ಮಶೀನಿನ ಮನ್ಸ ಎಂದರೆ ನಾನು. ಮೆಟ್ರಿಕ್ ಮುಗಿಸಿದವನು ಎಲ್ಲಾದರೂ ಕಾರಕೂನನಾಗಬಹುದಿತ್ತು, ನಾನು ಟ್ರಾಲರಿನ ಎಂಜಿನ್ ಹಿಂದೆ ಹೋದೆ. ನಡುನೀರಿನಲ್ಲಿ ನಿಂತ ಎಂಜಿನ್ನನ್ನು ಮತ್ತೆ ಚಾಲೂ ಮಾಡಿ ದಡಕ್ಕೆ ತಂದವನು ಎಂದು ಬೈತಖೋಲದಲ್ಲಿ ನನಗೊಂದು ಹೆಸರಿತ್ತು. ಆ ಹೆಸರಿನ ಸೊಕ್ಕು ನನ್ನಲ್ಲಿ ಎಷ್ಟಿತ್ತೆಂದು ನನಗೆ ಆಗ ತಿಳಿದಿರಲಿಲ್ಲ.

ಗಾಡಿ ತಂದ ಸ್ವಲ್ಪ ದಿನಕ್ಕೇ ಹಿಂದಿನ ಅಚ್ಚಿನಿಂದ ಕಿರ್ ಎನ್ನುವ ಸದ್ದು ಸುರುವಾಯಿತು. ಹ್ಯಾಂಡಲ್ ಬಿಟ್ಟರೆ ಎಡಕ್ಕೆ ಎಳೆಯುತ್ತಿತ್ತು. ಷೋರೂಮಿಗೆ ಒಯ್ದೆ. ಅಲ್ಲಿ ರಿಪೇರಿ ವಿಭಾಗ ನೋಡಿಕೊಳ್ಳುವವನು ನಲವತ್ತರ ಆಸುಪಾಸಿನ ನಗೆಮೊಗದ ಮನುಷ್ಯ. ನನ್ನ ಕಿಸೆಯಲ್ಲಿದ್ದ ಸ್ಪಾನರ್ ನೋಡಿದ.

"ಕಾಕಾ, ಇದು ನಿಮ್ಮ ಟ್ರಾಲರ್ ಅಲ್ಲ. ಏನೇ ಸದ್ದು ಬರ್ಲಿ, ಇಲ್ಲಿಗೆ ತನ್ನಿ. ನೀವು ಬಿಚ್ಚಿದ್ರೆ, ಏನಾದ್ರೂ ಹಚ್ಚಿದ್ರೆ, ವಾರಂಟಿ ಹೋಯ್ತು."

"ನಾ ಎಂತಕ್ಕೆ ಬಿಚ್ಚಲಿ?" ಎಂದೆ. ರಾತ್ರಿಯೆಲ್ಲ ಬಿಚ್ಚಬೇಕೆಂದು ಕೈ ತುರಿಸಿತ್ತು.

ಅವರು ಬೇರಿಂಗ್ ಬದಲಿಸಿದರು, ಚಕ್ರ ಸರಿ ಮಾಡಿದರು, ಒಂದು ಪೈಸೆ ಕೇಳಲಿಲ್ಲ. ಬಿಡಿಭಾಗ ಬರುವ ತನಕ ವಾರ ಕಳೆಯಿತು ಎನ್ನುವುದೊಂದೇ. ತೆಗೆದ ಬೇರಿಂಗನ್ನು ನನಗೆ ತೋರಿಸಿದರು. ಅದರ ಮೈಮೇಲೆ ಸಣ್ಣಗೆ ತುಕ್ಕಿನ ಚುಕ್ಕಿ ಎದ್ದಿತ್ತು. ಹೊಸ ಗಾಡಿಗೆ ತುಕ್ಕು. ಆ ಚುಕ್ಕಿ ನನ್ನ ತಲೆಯೊಳಗೆ ಹೊಕ್ಕಿತು.

ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ಮರಳಿಗೆ ಎಳೆದು, ತಾರ್ಲೆ ಮೀನಿನ ಎಣ್ಣೆ ಹಚ್ಚಿ ಮಲಗಿಸುತ್ತೇವೆ. ಎಣ್ಣೆ ಕುಡಿದ ಹಲಗೆಗೆ ಉಪ್ಪುನೀರು ಏನೂ ಮಾಡುವುದಿಲ್ಲ. ಅಪ್ಪನ ಕಾಲದಿಂದ ಕೈಗೆ ಅಂಟಿದ ಕೆಲಸ. ಆ ದಿನಗಳಲ್ಲಿ ಕಡಲ ಬದಿಯಲ್ಲಿ ಎಲ್ಲರೂ ಎಣ್ಣೆ ಹಚ್ಚುತ್ತಿದ್ದರು. ನಾನೂ ಒಂದು ಡಬ್ಬಿ ತಂದೆ. ಅಂಗಳದಲ್ಲಿ ಗಾಡಿಯ ಸೀಟು ಎತ್ತಿ, ಅಚ್ಚಿಗೆ, ಚೌಕಟ್ಟಿಗೆ, ನಟ್ಟು ಬೋಲ್ಟುಗಳಿಗೆ, ಬಿಡದೆ ವೈರಿನ ಗೊಂಚಲಿಗೂ ಅರಿವೆಯಿಂದ ಎಣ್ಣೆ ತಿಕ್ಕಿದೆ.

ಹೆಂಡತಿ ಬಾಗಿಲಲ್ಲಿ ನಿಂತು ಮೂಗು ಮುಚ್ಚಿದಳು. ಮೀನಿನಲ್ಲೇ ಬದುಕಿದವಳು ಮೂಗು ಮುಚ್ಚಿದ್ದು ನೋಡಿ ನನಗೆ ನಗು ಬಂತು.

"ಎಂತಾ ವಾಸ್ನಿ ಮಾರಾಯ್ರೆ. ದೋಣಿಗೆ ಹಚ್ಚೂದ ಗಾಡಿಗೆ ಹಚ್ಚೂಕೆ ಯಾರ ಹೇಳ್ರು?"

"ಉಪ್ಪ ಗಾಳಿಗೆ ತುಕ್ಕು ಹಿಡೀತದೆ."

"ತುಕ್ಕು ಬರೂಕೆ ಮೊದ್ಲು ಬೆಕ್ಕು ಬತ್ತದೆ."

ಬೆಕ್ಕು ಬರಲಿಲ್ಲ. ಇಲಿಗಳು ಬಂದವು. ಅದು ನನಗೆ ಗೊತ್ತಾಗಿದ್ದು ಹೊರಡುವ ದಿನ.

ಆ ಬೆಳಿಗ್ಗೆ ಅವಳು ಹಸಿರು ಸೀರೆ ಉಟ್ಟು, ಅಬ್ಬಲಿಗೆ ದಂಡೆ ಮುಡಿದು, ಅಕ್ಕನಿಗೆಂದು ಒಣಸಿಗಡಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಸೀಟಿನಲ್ಲಿ ಕೂತಳು. ಕೀಲಿ ತಿರುಗಿಸಿದೆ. ಮೀಟರಿನ ದೀಪ ಒಮ್ಮೆ ಮಿಣುಕಿ ಆರಿತು. ಮತ್ತೆ ತಿರುಗಿಸಿದೆ. ಗುಂಡಿ ಒತ್ತಿದೆ. ಟಕ್ ಎನ್ನುವ ಸದ್ದೂ ಇಲ್ಲ. ಅವಳು ಇಳಿಯಲಿಲ್ಲ. "ನಿಧಾನ ನೋಡಿ, ನಂಗೇನ್ ಅಂಬ್ರ ಇಲ್ಲ" ಎಂದು ಬಿಸಿಲೇರುವ ತನಕ ಅಲ್ಲೇ ಕೂತಿದ್ದಳು. ಕೊನೆಗೆ ನಾನೇ ಕೈ ಹಿಡಿದು ಇಳಿಸಿದೆ.

ಟೆಂಪೋದಲ್ಲಿ ಹಾಕಿ ಷೋರೂಮಿಗೆ ಒಯ್ದೆ. ರಿಪೇರಿಯವನು ಸೀಟು ಎತ್ತಿದ. ವೈರುಗಳು ತುಂಡು ತುಂಡು. ಬೆರಳಿನಿಂದ ಮುಟ್ಟಿ ಮೂಸಿದ.

"ಕಾಕಾ, ಎಂತದಾದ್ರೂ ಹಚ್ಚಿದ್ರ್ಯಾ?"

"ಇಲ್ಲ."

"ಮೀನಿನ ವಾಸ್ನಿ ಬತ್ತದಲ್ಲ."

"ಮೀನ್ಗಾರರ ಅಂಗಳದಲ್ಲಿ ನಿಲ್ಸೂ ಗಾಡಿ. ಮೀನಿನ ವಾಸ್ನಿ ಬರದೆ ಮಲ್ಲಿಗಿ ವಾಸ್ನಿ ಬತ್ತದ್ಯಾ?"

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಸುಳ್ಳಿಗಿಂತ ಆ ನಗೆ ಕೆಟ್ಟದಾಯಿತು. ಆಮೇಲೆ ನಿಜ ಹೇಳಲು ಬಾಯಿ ತೆರೆಯುವಂತಿರಲಿಲ್ಲ. ಇಡೀ ಹಾರ್ಬರಿನ ಎಂಜಿನ್ ನೋಡಿದವನು ತನ್ನ ಹೊಸ ಗಾಡಿಯನ್ನು ತನ್ನ ಕೈಯಾರೆ ಕೆಡಿಸಿದ ಎಂದು ಆ ಜನ ಊರಲ್ಲಿ ಹೇಳಿಕೊಂಡು ತಿರುಗುವುದು ನನಗೆ ಬೇಡವಾಗಿತ್ತು.

ಅವನು ತಲೆ ಕೆರೆದುಕೊಂಡ. "ಹಂಗಾದ್ರೆ ಕಂಪನಿ ಕಡೆಯಿಂದ ಹುಬ್ಬಳ್ಳಿಯವ್ರು ಬಂದು ನೋಡ್ಬೇಕು. ಅವ್ರು ನೋಡೂ ತನಕ ನಾವು ವೈರಿಗೆ ಕೈ ಹಚ್ಚೂಕಾಗೂದಿಲ್ಲ. ಯಾವಾಗ ಬರ್ತಾರೋ. ಇಲ್ಲಾ, ಖರ್ಚು ನಿಮ್ದೇ ಅಂದ್ರೆ, ವೈರ್ ನಮ್ಮಲ್ಲೇ ಅದೆ, ನಾಳೆ ಸಂಜಿಗೆ ಗಾಡಿ ಒಯ್ರಿ."

"ಹೊಸ ಗಾಡಿ. ವಾರಂಟಿ ಅದೆ. ನಾ ಯಾಕೆ ಖರ್ಚು ಕೊಡ್ಲಿ?"

ಹಣ ಇರಲಿಲ್ಲವೆಂದಲ್ಲ. ಖರ್ಚು ಕೊಟ್ಟರೆ ತಪ್ಪು ನನ್ನದೆಂದು ಒಪ್ಪಿದ ಹಾಗೆ ಎನಿಸಿತು. ಒಂದು ದಿನದ ಕೆಲಸವನ್ನು ನಾನು ನನ್ನ ಬಾಯಿಂದ ವಾರಗಟ್ಟಲೆ ಮುಂದಕ್ಕೆ ಹಾಕಿದೆ.

ಮನೆಗೆ ಬಂದಾಗ ಹೆಂಡತಿ ಕೇಳಿದಳು, "ಎಣ್ಣಿ ಹಚ್ಚದ್ದು ಹೇಳಿದ್ರ್ಯಾ?"

"ಹೇಳಿದೆ. ಅದ್ಕೂ ಇದ್ಕೂ ಸಂಬಂಧ ಇಲ್ಲ ಅಂದ್ರು. ಕಂಪನೀದೇ ತಪ್ಪಂತೆ."

ಅವಳು ನಂಬಿದಳು. ಎಂಜಿನ್ನಿನ ವಿಷಯದಲ್ಲಿ ಅವಳು ನನ್ನ ಮಾತನ್ನು ಯಾವತ್ತೂ ಎರಡನೇ ಸಲ ಕೇಳಿದವಳಲ್ಲ.

ಹುಬ್ಬಳ್ಳಿಯವರು ಈ ವಾರ ಬಂದಾರು, ಮುಂದಿನ ವಾರ ಬಂದಾರು ಎಂದು ದಿನ ಹೋದವು. ದಿನಾ ಬೆಳಿಗ್ಗೆ ಷೋರೂಮಿಗೆ ಫೋನು ಮಾಡುತ್ತಿದ್ದೆ, ದಿನಾ ಸಂಜೆ ಹೆಂಡತಿ ಅಕ್ಕನಿಗೆ ನಾಳೆಯ ಮಾತು ಹೇಳುತ್ತಿದ್ದಳು. ಬೋಟಿಗೆ ಹೋಗುವ ನಮ್ಮ ಮಗ ಒಂದು ದಿನ, "ನಾ ಕಾರು ಮಾಡಿ ಕೊಡ್ತೆ, ಅವ್ವಿನ ಕರ್ಕಂಡ್ ಹೋಗ್ ಬನ್ನಿ" ಎಂದ. ಕಾರಿನಲ್ಲಿ ಅವಳಿಗೆ ವಾಂತಿಯಾಗುತ್ತದೆ, ನಮ್ಮದೇ ಹೊಸ ಗಾಡಿ ಇಟ್ಟುಕೊಂಡು ಬಾಡಿಗೆ ಕಾರೇಕೆ ಎಂದೆ. ಹೆಂಡತಿಯೂ ಹೌದೆಂದಳು. ಗಾಡಿಯ ಮೇಲೆ ಕಾಲು ಚಾಚಿ ಅಕ್ಕನ ಅಂಗಳಕ್ಕೆ ಹೋಗಿ ಇಳಿಯುವುದನ್ನು ಅವಳು ಎಷ್ಟು ಸಲ ಫೋನಿನಲ್ಲಿ ಹೇಳಿಕೊಂಡಿದ್ದಳೋ.

ಅಕ್ಕ ಬಸ್ಸಿನಲ್ಲಿ ಒಂದು ಬುಟ್ಟಿ ಇಶಾಡ ಕಳಿಸಿದಳು. ಹೆಂಡತಿ ಒಂದು ಹಣ್ಣು ತಿಂದು, ಉಳಿದದ್ದನ್ನು ಮೊಮ್ಮಕ್ಕಳಿಗೆ ಕೊಟ್ಟಳು. ಅಂದು ಸಂಜೆ ಅಕ್ಕ ಕೇಳಿದಳು, "ಏ, ಅವ್ರು ಸಮುದ್ರದಾಗೆ ಬೋಟ್ ಓಡ್ಸದವ್ರು ಹೌದಾ, ಅಲ್ಲಾ ದಡದಾಗೆ ಕೂತು ಸುಳ್ಳ್ ಹೇಳದವ್ರು?" ಹೆಂಡತಿ ನಕ್ಕಳು. ನಾನು ಎದ್ದು ಹೊರಗೆ ಹೋದೆ.

ಮಳೆ ಹಿಡಿದ ಮೂರನೇ ದಿನವೋ ನಾಲ್ಕನೇ ದಿನವೋ ಅಕ್ಕನ ಮಗ ಫೋನು ಮಾಡಿದ. ಅಕ್ಕ ಬಚ್ಚಲಲ್ಲಿ ಬಿದ್ದಳಂತೆ. ಬಾಯಿ ಒಂದು ಬದಿಗೆ ವಾಲಿದೆ, ಮಾತಿಲ್ಲ. ನಮ್ಮ ಮಗ ಕಾರು ತಂದ. ಹಿಂದಿನ ಸೀಟಿನುದ್ದಕ್ಕೂ ಕಾಲು ಚಾಚಿ, ಕಿಟಕಿಯ ಹೊರಗೆ ಮುಖ ಹಾಕಿ, ಮಳೆಯಲ್ಲಿ ತೋಯುತ್ತ ಹೆಂಡತಿ ಹೋದಳು. ದಾರಿಯಲ್ಲಿ ವಾಂತಿಯಾಯಿತು. ಸೆರಗಿನಿಂದ ಬಾಯಿ ಒರೆಸಿಕೊಂಡು, "ನಿಲ್ಸೂದ್ ಬೇಡ, ಹೋಗ್ಲಿ" ಎಂದಳು. ಅಂಕೋಲೆ ಏನು ಮಹಾ ದೂರ. ಹೀಗೆ ಯಾವತ್ತಾದರೂ ಬರಬಹುದಿತ್ತು. ಮುಂದಿನ ಸೀಟಿನಲ್ಲಿ ಕೂತ ನನಗೆ ತಿರುಗಿ ಅವಳ ಮುಖ ನೋಡಲು ಆಗಲಿಲ್ಲ.

ಆಸ್ಪತ್ರೆಯಲ್ಲಿ ಅಕ್ಕ ತಂಗಿಯ ಗುರುತು ಹಿಡಿದಳು. ಏನೋ ಹೇಳಲು ಹೋದಳು. ಗಂಟಲಿನಿಂದ ಗಾಳಿಯಂಥ ಸದ್ದು ಬಂತು, ಅಷ್ಟೇ.

ಆ ವಾರವೇ ಹುಬ್ಬಳ್ಳಿಯವರು ಬಂದರು. ಸೀಟು ಎತ್ತಿದ ಕೂಡಲೇ, "ಇಲಿ ಕಡಿದದ್ದು. ಮೀನೆಣ್ಣೆ ಹಚ್ಚಿದ್ದಾರೆ. ವಾರಂಟಿ ಬರುವುದಿಲ್ಲ" ಎಂದರು. ಅವರು ಹೋದ ಮೇಲೆ ಷೋರೂಮಿನವನು ಮೆಲ್ಲಗೆ, "ಅಂದೇ ಹೇಳಿದ್ರೆ ಮರುದಿನ ಕೊಡ್ತಿದ್ನಲ್ಲ ಕಾಕಾ" ಎಂದ. ಮರುದಿನ ಸಂಜೆ ಗಾಡಿ ಕೊಟ್ಟ. ಅಂದಿನಿಂದ ಅದು ಒಮ್ಮೆಯೂ ಕೈ ಕೊಟ್ಟಿಲ್ಲ.

ಅಕ್ಕ ಮನೆಗೆ ಬಂದ ಮೇಲೆ, ಮಳೆ ಹೊಳವಾದ ಒಂದು ದಿನ, ಹೆಂಡತಿಯನ್ನು ಮೊದಲ ಸಲ ಆ ಗಾಡಿಯ ಮೇಲೆ ಶೆಟಗೇರಿಗೆ ಕರೆದೊಯ್ದೆ. ಅವಳು ಮಂಚದ ಬದಿಯಲ್ಲಿ ಕೂತು ಅಕ್ಕನ ಕೈ ಹಿಡಿದಳು. ನಾನು ಬಾಗಿಲಲ್ಲಿ ನಿಂತು ಇಬ್ಬರಿಗೂ ಎಲ್ಲ ಹೇಳಿದೆ. ಷೋರೂಮಿನಲ್ಲಿ ಹೇಳಿದ್ದು, ಮನೆಯಲ್ಲಿ ಹೇಳಿದ್ದು, ಎರಡೂ ಸುಳ್ಳೆಂದೆ. ಖರ್ಚು ಕೊಟ್ಟಿದ್ದರೆ ಮರುದಿನ ಸಂಜೆಯೊಳಗೆ ಗಾಡಿ ಸಿಗುತ್ತಿತ್ತು ಎಂದೂ ಹೇಳಿದೆ.

ಹೆಂಡತಿ ನನ್ನ ಕಡೆ ನೋಡಲಿಲ್ಲ. ಅಕ್ಕ ನೋಡಿದಳು. ಮೊದಲಿನ ಅಕ್ಕನಾಗಿದ್ದರೆ ವಾರಕ್ಕಾಗುವಷ್ಟು ಬೈಗುಳ ಒಂದೇ ಉಸಿರಿಗೆ ಬರುತ್ತಿತ್ತು. ಬರಲಿ ಎಂದು ನಾನು ಕಾದೆ. ಈಗಲೂ ಕಾಯುತ್ತೇನೆ. ಆ ಗಂಟಲಿನಿಂದ ಒಂದು ಮಾತು, ಅದು ಎಂಥದೇ ಇರಲಿ, ಕೇಳಬೇಕೆಂದು ಆಸೆಯಾಗುತ್ತದೆ.

ತಿರುಗಿ ಬಂದ ಮೇಲೆ ಹೆಂಡತಿ ಮನೆಯಲ್ಲಿ ಚಾ ಕೊಡುತ್ತಿದ್ದಳು, ಊಟಕ್ಕೆ ಬಡಿಸುತ್ತಿದ್ದಳು, ಮಾತಿಲ್ಲ. ಹಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಸೀರೆ ಉಟ್ಟು ಬಂದು, "ಗಾಡಿ ತೆಗೀರಿ" ಎಂದಳು.

ಈಗ ವಾರಕ್ಕೊಮ್ಮೆ ಹೋಗುತ್ತೇವೆ. ತಾಯಿ ಏನು ಹೇಳಿದ್ದಳೆಂದು ತಿಳಿಯಲು ಅವಳೇ ಒಂದು ದಾರಿ ಕಂಡುಕೊಂಡಿದ್ದಾಳೆ. ಹೋಗುವಾಗಲೆಲ್ಲ ಒಂದಿಷ್ಟು ಪ್ರಶ್ನೆ ಯೋಚಿಸಿಕೊಂಡು ಹೋಗುತ್ತಾಳೆ. "ನಾ ಬರ್ಲಿಲ್ಲ ಅಂತ ಸಿಟ್ಟ್ ಮಾಡ್ಕಂಡಿತ್ತಾ ಅವ್ವಿ?" ಅಕ್ಕ ಕಣ್ಣು ಮುಚ್ಚಿ ತಲೆಯನ್ನು ಆಚೆ ಈಚೆ ಆಡಿಸುತ್ತಾಳೆ. ಅಲ್ಲ. "ಬಂಗಾರದ ವಿಷ್ಯವಾ?" ಅಲ್ಲ. "ನನ್ನ ಮಗುವಿನ ಹೆಸ್ರು ಕೇಳ್ತಾ?" ಅಲ್ಲ. ಅಕ್ಕನಿಗೆ ದಣಿವಾದರೆ ಮುಂದಿನ ವಾರಕ್ಕೆ ಬಿಡುತ್ತಾಳೆ.

ಇತ್ತೀಚೆಗೆ ಶೆಟಗೇರಿಗೆ ಹೋಗುತ್ತ ಹಾರವಾಡದ ಹತ್ತಿರ ಬಂದಾಗ, ಹಿಂದಿನ ಸೀಟಿನಿಂದ ಅವಳು ಕೇಳಿದಳು, "ನಿಮ್ಗೆ ಎಂತ ಕಾಣ್ತದೆ? ಅವ್ವಿ ಎಂತ ಹೇಳಿದ್ದಿರ್ಬಹುದು?" ಅಷ್ಟು ದಿನಗಳ ಮೇಲೆ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ವೇಗ ಕಡಿಮೆ ಮಾಡಿದೆ. ಆ ಮುದುಕಿ ನನ್ನನ್ನು ಕಂಡಾಗಲೆಲ್ಲ ಒಂದೇ ಕೇಳುತ್ತಿದ್ದಳು, ನನ್ನ ಮಗಳಿಗೆ ಹೊಟ್ಟೆತುಂಬ ಹಾಕ್ತ್ಯಾ ಎಂದು. ಅದನ್ನೇ ಹೇಳಿದೆ. "ಕೇಳಿ ನೋಡು" ಎಂದೆ.

ಅವಳು ಕೇಳಿದಳು. ಅಕ್ಕ ಬಹಳ ಹೊತ್ತು ತಂಗಿಯನ್ನೇ ನೋಡಿದಳು, ಆಮೇಲೆ ತಲೆ ಆಚೆ ಈಚೆ ಆಡಿಸಿದಳು. ಮುಂದಿನ ವಾರಕ್ಕೆ ಬೇರೆ ಏನಾದರೂ ಹೊಳೆಯುತ್ತದೆಯೇ ಎಂದು ಈಗ ನಾನೂ ಯೋಚಿಸುತ್ತಿದ್ದೇನೆ.