ಕೆರೆಗೆ ಕಳೆ ತಂದ ಕಳೆಯಕ್ಕ

ಬೆಳಗಿನ ಐದೂವರೆ. ಕೆರೆಯ ಮೇಲೆ ಇನ್ನೂ ಮಂಜಿನ ಪೊರೆ. ಚಪ್ಪಟೆ ತಳದ ದೋಣಿಯ ಮೂತಿಯಲ್ಲಿ ಮೊಣಕಾಲೂರಿ ಕೂತ ಹೆಂಗಸೊಬ್ಬರು, ತೇಲುತ್ತಿರುವ ಕೊಳೆತ ಕಳೆಯ ಗುಪ್ಪೆಯೊಂದರೊಳಗೆ ಮೆಲ್ಲಗೆ ಬೆರಳು ತೂರಿಸುತ್ತಾರೆ. ಮರುಕ್ಷಣವೇ ಕೈ ಹಿಂದಕ್ಕೆ.

“ಬೆಚ್ಚಗಿದೆ. ಒಳಗೆ ಮೊಟ್ಟೆ ಇದೆ,” ಎಂದು ಪಿಸುಗುಡುತ್ತಾರೆ. “ನಡೀರಿ, ನಡೀರಿ. ಅವ್ವ ಹಕ್ಕಿ ಇಲ್ಲೇ ಎಲ್ಲೋ ಮುಳುಗಿ ಕೂತು ನಮಗೆ ಶಾಪ ಹಾಕ್ತಿರುತ್ತೆ.”

ಇವರು ನಗರದ ಕೆರೆಯಿಂದ ಕಳೆ ತೆಗೆಯುವ ಏಳು ಜನರ ತಂಡದ ಹಿರಿಯ ಕೆಲಸಗಾರ್ತಿ. ವಯಸ್ಸು ಐವತ್ತೆಂಟು, ಅದರಲ್ಲಿ ಇಪ್ಪತ್ತೆರಡು ವರ್ಷ ನೀರಿನ ಮೇಲೆಯೇ ಕಳೆದಿದೆ. ದಡದ ಮೇಲೆ ವಾಯುವಿಹಾರಕ್ಕೆ ಬರುವವರಿಂದ ಹಿಡಿದು ಸಾಹೇಬರವರೆಗೆ ಎಲ್ಲರಿಗೂ ಇವರು ಕಳೆಯಕ್ಕ. “ಹೆಸರಿಗೇನು ಬೇಜಾರಿಲ್ಲ ಬಿಡಿ. ಕಳೆ ತೆಗೆದ್ರೆ ತಾನೇ ಕೆರೆಗೆ ಕಳೆ ಬರೋದು?” ಎಂದು ತಾವೇ ನಗುತ್ತಾರೆ.

ದಿನಕ್ಕೆ ತಲೆಗೆ ನಲವತ್ತು ಬುಟ್ಟಿ ಲೆಕ್ಕ. ನೀರು ಸುರಿಯುವ ಒಂದೊಂದು ಬುಟ್ಟಿಯೂ ಹದಿನೆಂಟು ಕಿಲೋ ತೂಗುತ್ತದೆ. ಬೆರಳ ಸಂದಿಯ ಹುಣ್ಣು ಮಾಯುವಷ್ಟರಲ್ಲಿ ಇನ್ನೊಂದು ಏಳುತ್ತದೆ. ಬೆನ್ನು ಸಂಜೆಯ ಹೊತ್ತಿಗೆ ಮಾತು ಕೇಳುವುದಿಲ್ಲ. ಗಂಡ ದರ್ಜಿ. ಹೆಂಡತಿಯ ಕೈಗೆಂದೇ ದಪ್ಪ ಬಟ್ಟೆಯ ತೋಳುಗಳನ್ನು ಹೊಲಿದುಕೊಡುತ್ತಾರೆ. “ಊರಿಗೆಲ್ಲ ಕೋಟು ಹೊಲಿದಿದೀನಿ. ಯಾರೂ ಇವಳಷ್ಟು ಕಾಡಿಲ್ಲ. ವರ್ಷಕ್ಕೆ ಆರು ಜೊತೆ ಹರೀತಾಳೆ!” ಎನ್ನುವಾಗ ಅವರ ಮುಖದಲ್ಲಿ ದೂರಿಗಿಂತ ಹೆಮ್ಮೆಯೇ ಎದ್ದು ಕಾಣುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಇಂಥದ್ದೇ ಒಂದು ಗುಪ್ಪೆಯನ್ನು ಕಳೆಯಕ್ಕ ಕೊಕ್ಕೆಯಿಂದ ಎಳೆದು ದೋಣಿಗೆ ಹಾಕಿದ್ದರು. ನಾಲ್ಕು ಮೊಟ್ಟೆ ಉರುಳಿದವು. ಒಂದು ಒಡೆಯಿತು. “ಒಳಗೆ ಮರಿ ಇತ್ತು. ಇನ್ನೊಂದೆರಡು ದಿನ ಇದ್ದಿದ್ರೆ ಈಜ್ತಿತ್ತು. ಅವತ್ತು ನನಗೆ ಅನ್ನ ಸೇರಲಿಲ್ಲ.” ಅದು ಗುಳುಮುಳುಕದ ಗೂಡು. ಮುಷ್ಟಿ ಗಾತ್ರದ ಈ ಕಂದು ನೀರುಹಕ್ಕಿ ಗೂಡು ಬಿಟ್ಟು ಹೋಗುವಾಗ ಮೊಟ್ಟೆಗಳ ಮೇಲೆ ಕೊಳೆತ ಕಳೆ ಮುಚ್ಚಿ ಹೋಗುತ್ತದೆ. ಕಸವೋ ಗೂಡೋ ಎಂದು ಕಣ್ಣಿಗೆ ತಿಳಿಯದು, ಕೈಗೆ ಮಾತ್ರ ತಿಳಿಯುತ್ತದೆ. ಅಂದಿನಿಂದ ಕಳೆಯಕ್ಕ ಮುಟ್ಟಿ ನೋಡದೆ ಒಂದು ಗುಪ್ಪೆಯನ್ನೂ ಎಳೆದಿಲ್ಲ.

ಮಳೆಗಾಲ ಮುಗಿದು ನೀರು ಇಳಿಯುತ್ತ ಬಂದಂತೆ, ಅಂಚಿನ ಕೆಸರು ತೆರೆದುಕೊಳ್ಳುತ್ತದೆ. ದೂರದೂರಿನ ಗೊರವ ಹಕ್ಕಿಗಳು ಬಂದಿಳಿಯುತ್ತವೆ. ಅವುಗಳ ಹಿಂದೆಯೇ ಬೈನಾಕ್ಯುಲರ್ ಹೊತ್ತವರೂ ಬರುತ್ತಾರೆ. ಹೋದ ವರ್ಷ ಅವರಲ್ಲೊಬ್ಬರು, ನಿವೃತ್ತ ಮೇಷ್ಟ್ರು, ಈ ಕೆರೆಯಲ್ಲಿ ಗುಳುಮುಳುಕದ ಜೋಡಿ ಮೂರೇ ಎಂದರು. “ಮೂರಲ್ಲ ಮೇಷ್ಟ್ರೇ, ಹದಿನಾಲ್ಕು ಗೂಡಿದೆ,” ಎಂದರು ಕಳೆಯಕ್ಕ. ಮೇಷ್ಟ್ರು ನಂಬಲಿಲ್ಲ. ಕಳೆಯಕ್ಕ ಅವರನ್ನು ದೋಣಿ ಹತ್ತಿಸಿಕೊಂಡು, ಜೊಂಡಿನ ಸಂದಿಯಲ್ಲಿ ಒಂದೊಂದನ್ನೂ ದೂರದಿಂದಲೇ ತೋರಿಸಿದರು. “ಇಪ್ಪತ್ತು ವರ್ಷ ಬೈನಾಕ್ಯುಲರ್ ಹಿಡಿದು ನಾನು ಕಾಣದ್ದನ್ನ ಈ ತಾಯಿ ಬರಿಗೈಲಿ ಕಂಡಿದ್ದಾರೆ,” ಎಂದು ಮೇಷ್ಟ್ರು ಈಗಲೂ ಸಿಕ್ಕಸಿಕ್ಕವರಿಗೆ ಹೇಳುತ್ತಾರೆ.

ಅದೇ ವಾರ ಕೆರೆಗೆ ಕಳೆ ಕತ್ತರಿಸುವ ಯಂತ್ರ ಬಂತು. ಅಲ್ಲಿ ನಡೆಯಲಿದ್ದ ದೋಣಿ ಸ್ಪರ್ಧೆಗೆ ಐದೇ ದಿನ ಬಾಕಿ. ಸ್ಪರ್ಧೆಯ ದಾರಿ ಹಾಯುತ್ತಿದ್ದದ್ದು ಗೂಡುಗಳಿದ್ದ ಮೂಲೆಯ ನಡುವೆಯೇ. ಕಳೆಯಕ್ಕ ಒದ್ದೆ ಸೀರೆಯಲ್ಲೇ ಮೇಲ್ವಿಚಾರಕರ ಕೋಣೆಗೆ ಹೋದರು.

“ಹಕ್ಕಿಗೋಸ್ಕರ ಯಂತ್ರ ನಿಲ್ಲಿಸೋಕಾಗುತ್ತೇನಮ್ಮ?”

“ನಿಲ್ಲಿಸ್ಬೇಡಿ ಸಾರ್. ಆ ಮೂಲೆ ಒಂದು ನಮಗೆ ಬಿಡಿ. ದಾರಿ ಒಂಚೂರು ಆಚೆ ಸರೀಲಿ. ಕೈಯಲ್ಲೇ ತೆಗೆದುಕೊಡ್ತೀವಿ.”

“ಐದು ದಿನದಲ್ಲಿ? ಆಗದಿದ್ರೆ?”

“ಆಗದಿದ್ರೆ ಆರನೇ ದಿನ ನನ್ನ ಕೆಲಸದಿಂದ ತೆಗೀರಿ.”

ಮೇಲ್ವಿಚಾರಕರು ಒಪ್ಪಿ ಐದು ದಿನ ಕೊಟ್ಟರು. ತಂಡದ ಉಳಿದ ಆರು ಜನರಲ್ಲಿ ಒಬ್ಬರೂ ಗೊಣಗಲಿಲ್ಲ. ದರ್ಜಿಯ ಅಂಗಡಿಯ ಕೆಂಪು ಬಟ್ಟೆಚೂರುಗಳು ಕಡ್ಡಿಗೇರಿ ಗೂಡುಗಳಿಂದಾಚೆ ಗಡಿ ಕಟ್ಟಿದವು. ನಲವತ್ತು ಬುಟ್ಟಿ ಎತ್ತುವ ಕೈಗಳು ದಿನಕ್ಕೆ ಅರವತ್ತು ಎತ್ತಿದವು. ಐದನೇ ದಿನ ಮಧ್ಯಾಹ್ನಕ್ಕೆ ದಾರಿ ಕನ್ನಡಿಯಂತಿತ್ತು. ದೋಣಿಗಳು ಓಡಿದವು, ಜನ ಕೂಗಿದರು, ಗೆದ್ದವರು ಕಪ್ ಎತ್ತಿದರು. ತಂಡದ ಹೆಸರು ಯಾರೂ ಹೇಳಲಿಲ್ಲ.

ಹದಿನಾಲ್ಕರಲ್ಲಿ ಎರಡು ಗೂಡು ಕಾಗೆಗಳ ಪಾಲಾದವು, ಒಂದು ಅಲೆಗೆ ಮಗುಚಿತು. ಹನ್ನೊಂದರಲ್ಲಿ ಮರಿಯಾದವು. ಪಟ್ಟೆ ಪಟ್ಟೆಯ ಮರಿಗಳು ಅಪ್ಪ ಅಮ್ಮನ ಬೆನ್ನೇರಿ ಸವಾರಿ ಹೊರಟಾಗ ಏಳೂ ಜನ ಕೆಲಸ ಬಿಟ್ಟು ನಿಂತರು. ದಡದಲ್ಲಿದ್ದ ಮೇಲ್ವಿಚಾರಕರೂ ಗದರಲಿಲ್ಲ. ಈ ವರ್ಷ ಯಂತ್ರ ನೀರಿಗಿಳಿಯುವ ಮೊದಲು ಅವರೇ ಕೇಳಿದ ಪ್ರಶ್ನೆ ಒಂದೇ: “ಕಳೆಯಕ್ಕ ನೋಡಿಯಾಯ್ತಾ?”

ನಿವೃತ್ತಿಗೆ ಇನ್ನೆರಡು ವರ್ಷ. ಆಮೇಲೇನು ಎಂದರೆ ಕೊಕ್ಕೆಗಂಟಿದ ಕೆಸರು ತೊಳೆಯುತ್ತಲೇ ಹೇಳುತ್ತಾರೆ: “ಇಷ್ಟು ವರ್ಷ ಕೈಯಲ್ಲಿ ಕೆಲಸ ಇಟ್ಕೊಂಡೇ ಹಕ್ಕಿ ನೋಡಿದ್ದು. ಒಂದು ದಿನ ಒಗೆದ ಸೀರೆ ಉಟ್ಕೊಂಡು, ದಡದ ಬೆಂಚಿನ ಮೇಲೆ ಸುಮ್ಮನೆ ಕೂತು ನೋಡ್ಬೇಕು.” ಒಂದು ಕ್ಷಣ ಯೋಚಿಸಿ, ನಕ್ಕು ಸೇರಿಸುತ್ತಾರೆ: “ಪೂರ್ತಿ ಸುಮ್ಮನೆ ಅಲ್ಲ ಬಿಡಿ. ಪಕ್ಕದಲ್ಲಿ ಕೂತೋರು ಹಕ್ಕಿ ಹೆಸರು ತಪ್ಪು ಹೇಳಿದ್ರೆ, ತಿದ್ದದೆ ಬಿಡೋಳಲ್ಲ ನಾನು.”