ಮಾವ ಕುಳಿತರೆ ಹತ್ತುವ ದೀಪ

ನನ್ನ ಸೋದರಮಾವ ಎಲೆಅಡಿಕೆ ಹಾಕಿಕೊಳ್ಳಲು ಕಾರಿನ ಮಡ್‌ಗಾರ್ಡಿನ ಮೇಲೆ ಕುಳಿತದ್ದೇ ತಡ, ಸಂಜೆಯಿಂದ ಸತ್ತಂತಿದ್ದ ಅದರ ಒಂದೇ ಒಂದು ಮುಂದಿನ ದೀಪ ಝಗ್ಗನೆ ಹತ್ತಿತು. ಎದ್ದರು, ಆರಿತು. ಮತ್ತೆ ಕುಳಿತರು, ಹತ್ತಿತು.

"ನೋಡ್ರಿ, ಇದು ನನ್ನ ಪುಣ್ಯ! ಕುಷ್ಟಗಿ ಮುಟ್ಟೂತನಕ ನಾ ಇಲ್ಲೇ ಕುಂಡ್ರತೀನಿ," ಎಂದು ಮಾವ ರುಮಾಲು ಬಿಗಿದುಕೊಂಡರು.

ನಿಜಾಮರ ಕಾಲ. ಹನುಮಸಾಗರದಲ್ಲಿ ನನ್ನ ಮದುವೆ ಮುಗಿದು, ಬಾಡಿಗೆ ಕಾರಿನಲ್ಲಿ ಹೆಂಡತಿಯನ್ನು ನಮ್ಮೂರು ಕುಷ್ಟಗಿಗೆ ಕರೆದೊಯ್ಯುವ ಹೊತ್ತು ಅದು. ನಾನು ಗಂಗಾವತಿಯಲ್ಲಿ ಮೋಟಾರು ರಿಪೇರಿ ಮಾಡುವವನು. ದೀಪದ ಬುಡಕ್ಕೆ ತುಕ್ಕು ಹಿಡಿದು ಅದು ಕಾರಿನ ಮೈಗೆ ಸರಿಯಾಗಿ ತಾಗದೆ ಕರೆಂಟು ಹರಿಯುತ್ತಿಲ್ಲ, ಮಾವನ ಭಾರ ಬಿದ್ದಾಗ ಮಾತ್ರ ತಾಗುತ್ತಿದೆ ಎಂದು ತಿಳಿಯಿತು. ಆ ತಗ್ಗುದಿನ್ನೆಯ ದಾರಿಯಲ್ಲಿ ಮಾವ ಉರುಳಿ ಬಿದ್ದರೆ ಗತಿಯೇನು? ಬಾಸಿಂಗ ಕಟ್ಟಿಕೊಂಡೇ ಇಳಿದೆ. ಮದುಮಗನಿಗೆ ದೃಷ್ಟಿಯಾಗದಿರಲೆಂದು ನನ್ನ ಕೈಗೆ ಕೊಟ್ಟಿದ್ದ ಚೂರಿಯ ತುದಿಗೆ ಸಿಕ್ಕಿಸಿದ್ದ ನಿಂಬೆಹಣ್ಣು ಕಿತ್ತು, ಆ ಚೂರಿಯಿಂದಲೇ ತುಕ್ಕು ಕೆರೆದು, ನಟ್ಟು ಬಿಗಿದೆ. ದೀಪ ಹತ್ತಿತು, ಮಾವನ ಮುಖ ಆರಿತು.

"ಹಂಗಾದ್ರ ಇನ್ನ ನನ್ನ ಕೆಲಸ ಏನೈತಿ? ನಾ ಬರೂದಿಲ್ಲ," ಎಂದು ತಿರುಗಿ ಹೊರಟೇಬಿಟ್ಟರು. ಅವ್ವ ಅಳತೊಡಗಿದಳು.

ಅಲ್ಲಿಯವರೆಗೆ ನನ್ನೊಡನೆ ಒಂದು ಮಾತೂ ಆಡದ ಮದುಮಗಳು ಸೆರಗಿನೊಳಗಿಂದ ಮೆಲ್ಲಗೆ, "ನಟ್ಟು ಸಡ್ಲ ಮಾಡ್ರಿ," ಅಂದಳು.

ಸಡಿಲಿಸಿದೆ. ದೀಪ ಆರಿತು. ಮಾವ ನಗುತ್ತ ಬಂದು ಕುಳಿತರು, ಮತ್ತೆ ಹತ್ತಿತು. ಅವರು ಬಿದ್ದಾರೆಂಬ ಹೆದರಿಕೆಗೆ ಡ್ರೈವರ್ ಎಷ್ಟು ನಿಧಾನ ಓಡಿಸಿದನೆಂದರೆ, ಎತ್ತಿನ ಗಾಡಿಗಳು ನಮ್ಮನ್ನು ಹಿಂದೆ ಹಾಕಿದವು.

ಮುಂದೆ ಮಾವ ಮನೆಗೆ ಬರುತ್ತಾರೆಂದು ತಿಳಿದಾಗಲೆಲ್ಲ, ಅವರೇ ರಿಪೇರಿ ಮಾಡಲೆಂದು ನನ್ನಾಕೆ ಮಂಚದ ಒಂದು ಕಾಲನ್ನು ಮೊದಲೇ ಸಡಿಲ ಮಾಡಿ ಇಟ್ಟಿರುತ್ತಿದ್ದಳು.