ನಡುವೆ ನಿಲ್ಲಬಾರದ ಮಾತು

ನಮ್ಮ ಯಜಮಾನರು ಗಣಿಯೊಳಗೆ ಬಂಡೆಗೆ ಡ್ರಿಲ್ಲು ಹಾಕುತ್ತಿದ್ದವರು. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಆ ಧೂಳು ಮಾತ್ರ ಅವರ ಎದೆಯಲ್ಲೇ ಉಳಿಯಿತು. ನಾಲ್ಕು ಮಾತಾಡಿದರೆ ಒಂದು ಸಲ ನಿಂತು ಉಸಿರು ಎಳೆಯಬೇಕು. ಮಗಳು ಬಂಗಾರಪೇಟೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಗಣಿ ಕೆಲಸಗಾರರಿಗೆ ಕಟ್ಟಿದ ಊರಿಗಾಂ ಲೈನಿನ ನಮ್ಮ ಮನೆಯಿಂದಲೇ ರೈಲಿನಲ್ಲಿ ಓಡಾಡುತ್ತಿದ್ದಳು. ನಾರ್ವೆ ಅನ್ನುವ ದೇಶದಲ್ಲಿ ನರ್ಸುಗಳು ಬೇಕಂತೆ, ಆ ಭಾಷೆಯ ಪರೀಕ್ಷೆ ಪಾಸಾಗಬೇಕಂತೆ ಎಂದು ಫೋನಿನಲ್ಲಿ ಪಾಠಕ್ಕೆ ಸೇರಿದಳು.

ಆ ಭಾಷೆಯಲ್ಲಿ ಕೆಲಸದ ಹೆಸರು ಅಂದರೆ ಬಹಳಷ್ಟು ಎರಡು ಮಾತು ಅಂಟಿಸಿದ್ದು. ತನ್ ಅಂದರೆ ಹಲ್ಲು, ಲೇಗೆ ಅಂದರೆ ಡಾಕ್ಟರು. ತನ್‌ಲೇಗೆ ಹಲ್ಲಿನ ಡಾಕ್ಟರು. ನರ್ಸಿಗೆ ಸ್ಯೂಕೆಪ್ಲೈಯೆರ್, ಕಾಯಿಲೆಯವರನ್ನು ನೋಡಿಕೊಳ್ಳುವವಳು. ಮೊದಲ ತುಂಡನ್ನು ಒತ್ತಿ ಹೇಳಬೇಕು, ನಡುವೆ ನಿಲ್ಲಬಾರದು.

ಸಂಜೆ ರೈಲಿಳಿದು ಬಂದವಳೇ ಅಪ್ಪನ ಮಂಚದ ಹತ್ತಿರ ಕೂರುತ್ತಿದ್ದಳು. ಮೊದಲು ಅವಳು ಹೇಳುವುದು, ಆಮೇಲೆ ಅವರು, ಕೊನೆಗೆ ಇಬ್ಬರೂ ಒಟ್ಟಿಗೆ.

"ನನ್ ಕೆಲ್ಸಕ್ಕೆ ಏನಂತಾರೆ ಮಗಾ?"

"ಗ್ರೂವೆಅರ್ಬೈದೆರ್ ಅಪ್ಪಾ. ಗ್ರೂವೆ ಅಂದ್ರೆ ಗಣಿ, ಅರ್ಬೈದೆರ್ ಅಂದ್ರೆ ಕೆಲ್ಸದವ್ನು."

"ಗ್ರೂವೆ..." ಎಂದು ನಿಂತು, ಎದೆ ಗೊರಗೊರ ಅಂದ ಮೇಲೆ, "...ಅರ್ಬೈದೆರ್" ಅಂದರು.

"ನಿಮ್ಮಪ್ಪ ಇನ್ನಾ ಗಣಿ ಒಳಗೇ ಅವ್ರೆ, ಮೇಲಕ್ಕೆ ಬರಾಕೆ ಒತ್ತಾತದೆ" ಎಂದೆ.

"ಲೇ, ನೀನು ಸಾರು ನೋಡೋಗೇ" ಎಂದು ನಕ್ಕರು.

ಕಾಯಿಲೆ ಬಿದ್ದ ಮೇಲೆ ಆ ಮನುಷ್ಯ ನಗುತ್ತಿದ್ದದ್ದು ಆ ಪಾಠದಲ್ಲಿ ಮಾತ್ರ.

ಪರೀಕ್ಷೆ ಹತ್ತಿರ ಬಂದಾಗ ಪಾಠದ ಮೇಡಂ ಫೋನಿನಲ್ಲಿ ಗದರಿದರು. ಒಂದು ಪದವನ್ನು ಯಾಕೆ ಎರಡು ಮಾಡುತ್ತೀಯ, ಹೀಗೆ ನಡುವೆ ನಿಂತರೆ ಪಾಸಾಗುವುದಿಲ್ಲ ಎಂದು. ಮಗಳು ಮತ್ತೆ ಹೇಳಿದಳು, ಮತ್ತೆ ಅದೇ ಜಾಗದಲ್ಲಿ ನಿಂತಳು. ಅವಳ ಎದೆಯಲ್ಲಿ ಧೂಳಿಲ್ಲ. ಅಪ್ಪ ಉಸಿರು ಎಳೆದುಕೊಳ್ಳಲಿ ಎಂದು ಕಾದು ಕಾದು ನಾಲಗೆಗೆ ಅದೇ ಅಭ್ಯಾಸವಾಗಿತ್ತು. ನನಗೆ ಗೊತ್ತಾಯಿತು. ಮಂಚದ ಮೇಲಿದ್ದವರಿಗೂ ಗೊತ್ತಾಯಿತು.

ಮಾರನೆಯ ಸಂಜೆ ಅವಳು ಬಂದು ಕೂತರೆ ಅವರು ಕಣ್ಣೇ ಬಿಡಲಿಲ್ಲ.

"ಅಪ್ಪಾ, ಶುರು ಮಾಡಾಣ."

"ನಂಗ್ ಬ್ಯಾಡ ಮಗಾ. ಬೇಜಾರಾತದೆ ನಿನ್ ಪಾಠ. ನಿಮ್ಮಮ್ಮನ್ ಜೊತೆ ಮಾಡ್ಕೋ ಓಗು."

"ಅಂಗಂದ್ರೆ ನಾನು ಆ ದೇಶಕ್ಕೇ ಓಗಲ್ಲ ಬಿಡು."

"ಓಗ್ದೆ ಇಲ್ಲಿ ಕುಂತ್ಕಂಡು ನನ್ ಕೆಮ್ಮು ಕೇಳ್ತೀಯಾ? ಎದ್ದೋಗು ಅಂದೆ!"

ಗದರಿದ್ದಕ್ಕೇ ಕೆಮ್ಮು ಹತ್ತಿಕೊಂಡಿತು. ಬೆನ್ನು ನೀವಲು ಹೋದ ಮಗಳ ಕೈಯನ್ನು ತಳ್ಳಿದರು.

ಅವಳನ್ನು ಅಡುಗೆಮನೆಗೆ ಕರೆದುಕೊಂಡೆ. ಸೊಪ್ಪು ಬಿಡಿಸುತ್ತ, ಅವಳು ಹೇಳಿದ್ದನ್ನೆಲ್ಲ ನಾನೂ ಹೇಳಿದೆ. ಅರ್ಥ ಗೊತ್ತಿಲ್ಲದಿದ್ದರೂ ನನ್ನ ಎದೆ ಗಟ್ಟಿ, ಎಲ್ಲೂ ನಿಲ್ಲಲಿಲ್ಲ. ಸ್ವಲ್ಪ ದಿನದಲ್ಲಿ ಅವಳ ನಾಲಗೆ ಸರಿಹೋಯಿತು. ಪರೀಕ್ಷೆಯೂ ಪಾಸಾಯಿತು.

ಆ ದಿನಗಳಲ್ಲೇ ಒಂದು ಸಂಜೆ, ನಮ್ಮ ಪಾಠದ ನಡುವೆ, ಅವರಿಗೆ ಗಂಜಿ ಕೊಡಲು ಹೋದೆ. ಗೋಡೆ ಕಡೆ ತಿರುಗಿ ಮಲಗಿದ್ದರು. ಬಗ್ಗಿ ನೋಡಿದರೆ, ಅಡುಗೆಮನೆಯಲ್ಲಿ ಮಗಳು ಹೇಳಿಕೊಳ್ಳುತ್ತಿದ್ದ ಮಾತಿಗೆ ಸರಿಯಾಗಿ ತುಟಿ ಆಡುತ್ತಿತ್ತು, ದನಿಯಿರಲಿಲ್ಲ. ನನ್ನನ್ನು ಕಂಡು ತುಟಿ ಮುಚ್ಚಿಕೊಂಡರು. ಲೋಟ ಇಟ್ಟು, ಬಾಗಿಲು ಎಳೆದುಕೊಂಡು ಬಂದೆ.